ಮೊದಲ ಹಂತದ ಪ್ರೊಟೊಟೈಪ್ ಪ್ರೆಸೆಂಟೇಶನ್: ಏನನ್ನು ನೋಡಿ ಅಂಕ ಕೊಡಬೇಕು?

ಹೊಸ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಇಂಟರ್‌ಫೇಸ್ ವಿನ್ಯಾಸದ, ಅಂದರೆ ಬಳಸುವವರಿಗೆ ಎದುರಾಗುವ ಸ್ಕ್ರೀನು, ಬಟನುಗಳನ್ನು ರೂಪಿಸುವ ಪತ್ರಿಕೆಯನ್ನು ನಾನು ಎರಡನೆಯ ಬಾರಿಗೆ ಪಾಠ ಮಾಡುತ್ತಿದ್ದೇನೆ. ನಾಲ್ಕು ನಾಲ್ಕು ಜನರ ಹನ್ನೊಂದು ತಂಡಗಳಿವೆ. ಸೆಮಿಸ್ಟರಿನ ಐದನೆಯ ವಾರದಲ್ಲಿ ಪ್ರತಿ ತಂಡವೂ ತನ್ನ ಮೊದಲ ಪ್ರೊಟೊಟೈಪನ್ನು, ಅಂದರೆ ಬಳಸಿ ನೋಡಲೆಂದು ಮಾಡಿದ ಕಚ್ಚಾ ಮಾದರಿಯನ್ನು, ತರಗತಿಯ ಮುಂದೆ ಹತ್ತು ನಿಮಿಷ ತೋರಿಸಬೇಕು. ಅದಕ್ಕೆ 25 ಅಂಕ. ಕಳೆದ ಬಾರಿ ಇದನ್ನು ವಿನ್ಯಾಸದ ಗುಣಮಟ್ಟಕ್ಕೆ 10, ಪ್ರಸ್ತುತಿಗೆ 10, ಪ್ರಶ್ನೋತ್ತರಕ್ಕೆ 5 ಎಂದು ಹಂಚಿದ್ದೆ.

ಆಗ ನಡೆದದ್ದನ್ನು ಹೇಳಿಬಿಡುತ್ತೇನೆ. ಒಂದು ತಂಡ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಹದಿನೆಂಟು ಸ್ಕ್ರೀನ್‌ಗಳನ್ನು ಮಾಡಿಕೊಂಡು ಬಂದಿತ್ತು. ಬಣ್ಣ, ಐಕಾನ್, ಒಂದು ಸ್ಕ್ರೀನಿನಿಂದ ಇನ್ನೊಂದಕ್ಕೆ ಜಾರುವ ಅನಿಮೇಶನ್ ಎಲ್ಲವೂ ಇತ್ತು, ಮಾತೂ ಚೆನ್ನಾಗಿತ್ತು. 23 ಅಂಕ ಕೊಟ್ಟೆ. ಇನ್ನೊಂದು ತಂಡ ಪೆನ್ಸಿಲಿನಲ್ಲಿ ಗೀಚಿದ ಏಳು ಹಾಳೆಗಳನ್ನು ತಂದು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗನನ್ನು ಕರೆದು ಬಳಸಲು ಹೇಳಿತು. ಅವನು ಎರಡನೆಯ ಹೆಜ್ಜೆಯಲ್ಲೇ ಸಿಕ್ಕಿಹಾಕಿಕೊಂಡ, ತರಗತಿ ನಕ್ಕಿತು, ತಂಡ ಮುಜುಗರಪಟ್ಟಿತು, ನಾನು 14 ಕೊಟ್ಟೆ. ಸೆಮಿಸ್ಟರಿನ ಕೊನೆಗೆ ನೋಡಿದರೆ ಮೊದಲ ತಂಡದ ಸ್ಕ್ರೀನ್‌ಗಳಲ್ಲಿ ಫಾಂಟ್ ಬಿಟ್ಟರೆ ಏನೂ ಬದಲಾಗಿರಲಿಲ್ಲ. ಎರಡನೆಯ ತಂಡ ಮೂರು ಬಾರಿ ಕೆಡವಿ ಕಟ್ಟಿ, ಕೊನೆಗೆ ತರಗತಿಯಲ್ಲೇ ಅತ್ಯಂತ ಸರಾಗವಾದ ಕೆಲಸವನ್ನು ಮಾಡಿತ್ತು. ನನ್ನ ಅಂಕಪಟ್ಟಿ ಮಾತ್ರ ಉಲ್ಟಾ ಹೇಳುತ್ತಿತ್ತು.

ಈ ಬಾರಿ ಅದೇ ತಪ್ಪನ್ನು ಮಾಡಲು ನನಗೆ ಇಷ್ಟವಿಲ್ಲ. ಪ್ರೆಸೆಂಟೇಶನ್‌ಗೆ ಮೊದಲು ವಿದ್ಯಾರ್ಥಿಗಳಿಗೆ ಏನು ಹೇಳಬೇಕು, ನಡೆಯುವಾಗ ನಾನು ಏನನ್ನು ನೋಡಬೇಕು, ಅಂಕವನ್ನು ಯಾವ ಆಧಾರದ ಮೇಲೆ ಕೊಡಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಪೆನ್ಸಿಲ್

ಐದನೆಯ ವಾರದಲ್ಲಿ ‘ವಿನ್ಯಾಸದ ಗುಣಮಟ್ಟ’ ಎಂದು 10 ಅಂಕ ಇಟ್ಟರೆ ವಿದ್ಯಾರ್ಥಿಗಳು ಐದನೆಯ ವಾರಕ್ಕೇ ಮುಗಿದ ವಸ್ತುವನ್ನು ತಂದಿಡುತ್ತಾರೆ, ಮತ್ತು ಒಮ್ಮೆ ಮುಗಿಸಿದ್ದನ್ನು ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ. ತಮ್ಮ ಮೊದಲ ತಂಡದ್ದು ಸೋಮಾರಿತನವೆಂದು ನನಗೆ ಅನ್ನಿಸುವುದಿಲ್ಲ. ರೂಬ್ರಿಕ್ (ಅಂಕ ಹಂಚಿಕೆಯ ಮಾನದಂಡ) ಕೇಳಿದ್ದನ್ನು ಅವರು ಕೊಟ್ಟಿದ್ದಾರೆ, ಅಷ್ಟೆ.

ನಾನು ಮೊದಲು ಕೇಳುವುದು ಒಂದೇ ಒಂದು ವಾಕ್ಯ: ಈ ಪ್ರೊಟೊಟೈಪ್ ಯಾವ ಪ್ರಶ್ನೆಗೆ ಉತ್ತರ ಹುಡುಕಲು ಹುಟ್ಟಿದೆ? ಸ್ಟೆಫಾನಿ ಹೌಡ್ ಮತ್ತು ಚಾರ್ಲ್ಸ್ ಹಿಲ್ ಎಂಬವರು 1997ರಲ್ಲಿ ಪ್ರಕಟಿಸಿದ ಒಂದು ಬರಹದಲ್ಲಿ ಪ್ರೊಟೊಟೈಪ್‌ಗಳು ಕೇಳುವ ಪ್ರಶ್ನೆಗಳನ್ನು ಮೂರು ದಿಕ್ಕಿನಲ್ಲಿ ಬಿಡಿಸಿಟ್ಟಿದ್ದಾರೆ. ಆ ವಸ್ತು ಬಳಸುವವರ ಬದುಕಿನಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂಬುದು ಒಂದು, ಅದು ಕಣ್ಣಿಗೆ ಕೈಗೆ ಹೇಗೆ ಒದಗುತ್ತದೆ ಎಂಬುದು ಇನ್ನೊಂದು, ಅದನ್ನು ತಾಂತ್ರಿಕವಾಗಿ ಕಟ್ಟಲು ಆಗುತ್ತದೆಯೇ ಎಂಬುದು ಮತ್ತೊಂದು. ವಯಸ್ಸಾದವರಿಗೆ ಮಾತ್ರೆಯ ಹೊತ್ತನ್ನು ನೆನಪಿಸುವ ಒಂದು ಆ್ಯಪ್ ಎಂದಿಟ್ಟುಕೊಳ್ಳಿ. ‘ಮಾತ್ರೆ ನುಂಗಿದ ಮೇಲೆ ಅದನ್ನು ಆ್ಯಪಿಗೆ ತಿಳಿಸುವ ತಾಳ್ಮೆ ಅವರಿಗೆ ಇರುತ್ತದೆಯೇ’ ಎಂಬುದು ಮೊದಲ ಬಗೆಯ ಪ್ರಶ್ನೆ. ಅದಕ್ಕೆ ಒಂದು ಖಾಲಿ ರಟ್ಟಿನ ಡಬ್ಬಿ, ಒಂದು ಟೈಮರ್, ಮೂರು ದಿನ ಸಾಕು. ‘ಎರಡು ಮಾತ್ರೆಗಳ ಹೊತ್ತನ್ನು ಒಂದೇ ಸ್ಕ್ರೀನಿನಲ್ಲಿ ಗೊಂದಲವಿಲ್ಲದೆ ತೋರಿಸಬಹುದೇ’ ಎಂಬುದು ಎರಡನೆಯ ಬಗೆಯದು. ಅದಕ್ಕೆ ಸ್ಕ್ರೀನ್ ಬೇಕು, ಬಣ್ಣ ಬೇಡ. ಪ್ರಶ್ನೆ ಏನೆಂದು ಗೊತ್ತಿಲ್ಲದ ತಂಡ ಮೂರನ್ನೂ ಅರ್ಧರ್ಧ ಮಾಡಿಕೊಂಡು ಬಂದು ಸ್ಲೈಡಿನಲ್ಲಿ ತೇಪೆ ಹಾಕುತ್ತದೆ.

ಎರಡನೆಯದು, ಪ್ರೊಟೊಟೈಪನ್ನು ಯಾರೂ ವಿವರಿಸಕೂಡದು, ಅದು ನಡೆಯಬೇಕು. ನನ್ನ ತರಗತಿಯಲ್ಲಿ ಒಂದು ನಿಮಿಷ ಹಿನ್ನೆಲೆ ಹೇಳುತ್ತಾರೆ, ಆಮೇಲೆ ಬೇರೆ ತಂಡದ ಒಬ್ಬರು ಬಂದು ಕೂರುತ್ತಾರೆ, ಅವರ ಕೈಗೆ ಕೆಲಸ ಬರೆದ ಒಂದು ಚೀಟಿ ಕೊಡಲಾಗುತ್ತದೆ. ಕಾಗದದ ಮಾದರಿಯಾದರೆ ತಂಡದ ಒಬ್ಬರು ಕಂಪ್ಯೂಟರ್ ಆಗುತ್ತಾರೆ: ಬಂದವರು ಬೆರಳಿಟ್ಟ ಕಡೆಗೆ ತಕ್ಕ ಹಾಳೆಯನ್ನು ಮುಂದಿಡುವುದಷ್ಟೇ ಅವರ ಕೆಲಸ, ಬಾಯಿ ತೆರೆಯುವಂತಿಲ್ಲ. ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಉಳಿದವರು ಕೈಕಟ್ಟಿ ಕೂರುತ್ತಾರೆ; ಹೇಳಿದಷ್ಟು ಸುಲಭವಲ್ಲ ಇದು. ‘ಅಲ್ಲಿ ಅಲ್ಲ, ಮೇಲೆ ನೋಡಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಆ ಮಾತನ್ನು ನುಂಗಿಕೊಳ್ಳುವ ಮೂವತ್ತು ಸೆಕೆಂಡಿನಲ್ಲಿ ತಂಡ ಕಲಿಯುವಷ್ಟನ್ನು ನನ್ನ ಎರಡು ಗಂಟೆಯ ಉಪನ್ಯಾಸ ಕಲಿಸಿದ್ದನ್ನು ನಾನು ನೋಡಿಲ್ಲ.

ಚೀಟಿಯ ಬಗ್ಗೆ ಒಂದು ಎಚ್ಚರಿಕೆ. ಸ್ಕ್ರೀನಿನ ಮೇಲೆ ‘ಹೊಸ ನೆನಪೋಲೆ ಸೇರಿಸಿ’ ಎಂಬ ಬಟನ್ ಇದ್ದು, ಚೀಟಿಯಲ್ಲೂ ‘ಹೊಸ ನೆನಪೋಲೆಯೊಂದನ್ನು ಸೇರಿಸಿ’ ಎಂದೇ ಇದ್ದರೆ ಅಲ್ಲಿ ಪರೀಕ್ಷೆಗೊಳಗಾಗುವುದು ಬಂದವರ ಓದುವ ಶಕ್ತಿ ಮಾತ್ರ. ‘ನಿಮ್ಮ ತಂದೆಗೆ ನಾಳೆಯಿಂದ ರಾತ್ರಿ ಊಟದ ನಂತರ ಒಂದು ಮಾತ್ರೆ ಹೆಚ್ಚಾಗಿದೆ, ಅವರು ಮರೆಯದಂತೆ ಮಾಡಿ’ ಎಂದು ಬರೆಸಿ. ಚೀಟಿಗಳನ್ನು ಹಿಂದಿನ ದಿನವೇ ತರಿಸಿಕೊಂಡು ತಾವೇ ಓದಿ ನೋಡುವುದು ಒಳ್ಳೆಯದು.

ಕಂಪನಿಯಲ್ಲಿರುವವ

ನಾನು ಮೇಷ್ಟ್ರಲ್ಲ, ವಿನ್ಯಾಸ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ, ಆಗೊಮ್ಮೆ ಈಗೊಮ್ಮೆ ಕಾಲೇಜುಗಳು ಪರೀಕ್ಷಕನಾಗಿ ಕರೆಯುತ್ತವೆ. ನುಣುಪಾದ ಸ್ಕ್ರೀನನ್ನು ಮುಂದಿಟ್ಟರೆ ಜನ ಬಣ್ಣದ ಬಗ್ಗೆ ಮಾತನಾಡುತ್ತಾರೆ, ಗೀಚಿದ ಹಾಳೆಯನ್ನು ಇಟ್ಟರೆ ಕೆಲಸದ ಬಗ್ಗೆ ಮಾತನಾಡುತ್ತಾರೆ. ಇದು ನಮ್ಮ ಸಭೆಗಳಲ್ಲೂ ದಿನನಿತ್ಯದ ಅನುಭವ. ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರ್ 1996ರಲ್ಲಿ ಮಾರುಕಟ್ಟೆಗೆ ಬರುವ ಮೊದಲು ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಜೇಬಿಗೆ ಹಿಡಿಯುವ ಒಂದು ಮರದ ತುಂಡನ್ನು ಹೊತ್ತುಕೊಂಡು ಓಡಾಡಿ, ಯಾರಾದರೂ ಭೇಟಿಯ ಸಮಯ ಕೇಳಿದಾಗ ಅದನ್ನು ತೆಗೆದು ಬಳಸುವಂತೆ ನಟಿಸುತ್ತಿದ್ದರು. ಆ ಮರದ ತುಂಡಿಗೆ ‘ವಿನ್ಯಾಸದ ಗುಣಮಟ್ಟ’ದಡಿ ನಾವು ಎಷ್ಟು ಅಂಕ ಕೊಡುತ್ತಿದ್ದೆವು ಎಂದು ಯೋಚಿಸಿದರೆ ನಗು ಬರುತ್ತದೆ.

ಆದರೆ ಕಾಗದವನ್ನು ವ್ರತದಂತೆ ಹಿಡಿಯುವುದೂ ಬೇಡ. ಉದ್ದನೆಯ ಪಟ್ಟಿಯನ್ನು ಸ್ಕ್ರೋಲ್ ಮಾಡುವಾಗ ಕಣ್ಣು ತಪ್ಪುತ್ತದೆಯೇ, ಬೆರಳು ಪಕ್ಕದ ಬಟನಿಗೆ ತಾಗುತ್ತದೆಯೇ, ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಸ್ಕ್ರೀನನ್ನು ಓದಿ ಹೇಳುವ ತಂತ್ರಾಂಶ) ಯಾವ ಕ್ರಮದಲ್ಲಿ ಓದುತ್ತದೆ ಎಂಬ ಪ್ರಶ್ನೆಗಳಿಗೆ ಕಾಗದ ಉತ್ತರ ಕೊಡಲಾರದು. ಮಾತಿನಿಂದ ನಡೆಯುವ ಇಂಟರ್‌ಫೇಸ್ ಆದರೆ ಪರದೆಯ ಹಿಂದೆ ಒಬ್ಬ ಮನುಷ್ಯನನ್ನು ಕೂರಿಸಬಹುದು. 1980ರ ದಶಕದ ಆರಂಭದಲ್ಲಿ ಐಬಿಎಂ ಸಂಶೋಧಕರು ‘ಕೇಳಿಸಿಕೊಂಡು ಬರೆಯುವ ಟೈಪ್‌ರೈಟರ್’ ಜನರಿಗೆ ಒಗ್ಗುತ್ತದೆಯೇ ಎಂದು ತಿಳಿಯಲು, ಅಂಥ ಯಂತ್ರವೇ ಇಲ್ಲದಿದ್ದಾಗ, ಬೇರೊಂದು ಕೋಣೆಯಲ್ಲಿ ಟೈಪಿಸ್ಟ್ ಒಬ್ಬರನ್ನು ಕೂರಿಸಿ ಪರೀಕ್ಷಿಸಿದರು. ಆದ್ದರಿಂದ ‘ಕಾಗದವೋ ಫಿಗ್ಮಾವೋ’ ಎಂಬುದನ್ನು ತಂಡದ ಪ್ರಶ್ನೆಯೇ ತೀರ್ಮಾನಿಸಲಿ, ಮೇಷ್ಟ್ರು ತೀರ್ಮಾನಿಸುವುದು ಬೇಡ.

ಇನ್ನೊಂದು ಮಾತು. ಈಗ ನಾಲ್ಕು ಸಾಲು ಬರೆದುಕೊಟ್ಟರೆ ಯಂತ್ರವೇ ಹದಿನೆಂಟು ಸ್ಕ್ರೀನ್‌ಗಳನ್ನು ಬಿಡಿಸಿಕೊಡುತ್ತದೆ. ಅಂದಕ್ಕೆ ಅಂಕ ಕೊಡುವವರು ಯಾರ ಕೆಲಸಕ್ಕೆ ಅಂಕ ಕೊಡುತ್ತಿದ್ದಾರೆಂದು ಒಮ್ಮೆ ಕೇಳಿಕೊಳ್ಳಬೇಕು.

ಅಂಕಪಟ್ಟಿ

ಮೇಲಿನ ಮಾತುಗಳೆಲ್ಲ ಕೇಳಲು ಹಿತವಾಗಿವೆ. ನಾನು ಪರೀಕ್ಷಾ ವಿಭಾಗದ ಹೊಣೆಯನ್ನೂ ಹೊತ್ತವನಾದ್ದರಿಂದ ಎರಡು ಆಕ್ಷೇಪಗಳನ್ನು ಇಡಲೇಬೇಕು.

‘ಎಷ್ಟು ಕಲಿತರು’ ಎಂಬುದಕ್ಕೆ ಅಂಕ ಕೊಡುತ್ತೇವೆ ಎನ್ನುವುದು ಸುಲಭ, ಅದನ್ನು ಮರುಪರಿಶೀಲನೆಗೆ ಬಂದ ವಿದ್ಯಾರ್ಥಿಯ ಮುಂದೆ ಸಮರ್ಥಿಸಿಕೊಳ್ಳುವುದು ಕಷ್ಟ. ಇಬ್ಬರು ಪರೀಕ್ಷಕರು ಅದೇ ಪ್ರೆಸೆಂಟೇಶನ್ ನೋಡಿ ಒಬ್ಬರು 12, ಇನ್ನೊಬ್ಬರು 21 ಕೊಟ್ಟರೆ ಹೊಣೆ ಯಾರದು? ಎರಡನೆಯದು ಇನ್ನೂ ಮುಖ್ಯವಾದುದು. ಬಂದವರು ಎಡವಿದರೆ ಅಂಕ ಸಿಗುತ್ತದೆ ಎಂದು ಗೊತ್ತಾದ ದಿನವೇ ವಿದ್ಯಾರ್ಥಿಗಳು ಎಡವುವಂಥ ಒಂದು ಬಟನನ್ನು ಬೇಕೆಂದೇ ಇಟ್ಟು, ಅದರಿಂದ ‘ಕಲಿತ’ ನಾಟಕವನ್ನೂ ಬರೆದುಕೊಂಡು ಬರುತ್ತಾರೆ. ನಾನು ಇಂಥ ನಾಟಕಗಳನ್ನು ನೋಡಿದ್ದೇನೆ. ಕೆಲವು ಚೆನ್ನಾಗಿಯೂ ಇದ್ದವು. ಚೆನ್ನಾಗಿ ಮಾತನಾಡುವವರಿಗೆ ಹಳೆಯ ರೂಬ್ರಿಕ್ ಅನುಕೂಲ ಮಾಡಿಕೊಡುತ್ತಿತ್ತು ಎನ್ನುವುದಾದರೆ, ಹೊಸದು ಚೆನ್ನಾಗಿ ನಟಿಸುವವರಿಗೆ ಮಾಡಿಕೊಡುತ್ತದೆ.

ಹಳೆಯ ಪೆನ್ಸಿಲ್

ಅಂಕಪಟ್ಟಿಯವರ ಎರಡನೆಯ ಆಕ್ಷೇಪವನ್ನು ಒಪ್ಪುತ್ತೇನೆ, ಏಕೆಂದರೆ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಅದರಿಂದಾಗಿಯೇ ಈಗ ಎಡವಿದ್ದಕ್ಕೂ ಎಡವದಿದ್ದಕ್ಕೂ ಅಂಕವಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡು, ಅದರಿಂದ ಮುಂದೇನು ಮಾಡುತ್ತೇವೆಂದು ಕಾರಣಸಮೇತ ತೀರ್ಮಾನಿಸಿದ್ದಕ್ಕೆ ಮಾತ್ರ ಅಂಕ. ಚೀಟಿ ಓದಿ ಬಂದು ಕೂರುವವರನ್ನು ತಂಡ ಆರಿಸುವುದಿಲ್ಲ, ನಾನು ಆ ಕ್ಷಣದಲ್ಲಿ ಆರಿಸುತ್ತೇನೆ. ಟಿಪ್ಪಣಿಯ ಕೈಬರಹದ ಹಾಳೆಯನ್ನು ಪ್ರೆಸೆಂಟೇಶನ್ ಮುಗಿದ ಕೂಡಲೇ ನನ್ನ ಮೇಜಿನ ಮೇಲೆ ಇಡಬೇಕು. ಮನೆಗೆ ಹೋಗಿ ತಿದ್ದಿ ತರುವ ಹಾಗಿಲ್ಲ. ಇಡೀ ತರಗತಿ ಕಂಡದ್ದು ಹಾಳೆಯಲ್ಲಿ ಇಲ್ಲದಿದ್ದರೆ, ಅಥವಾ ಯಾರೂ ಕಾಣದ್ದು ಇದ್ದರೆ, ಅದು ಅಲ್ಲೇ ಗೊತ್ತಾಗುತ್ತದೆ.

ಆ ಹಾಳೆಯನ್ನು ಓದುವುದು ಒಂದು ಸುಖ. ‘ಬಳಕೆದಾರರಿಗೆ ಮೆನು ಅರ್ಥವಾಗಲಿಲ್ಲ’ ಎಂದು ಬರೆದ ತಂಡ ತೀರ್ಪು ಬರೆದಿದೆ, ಕಂಡದ್ದನ್ನು ಬರೆದಿಲ್ಲ. ‘ಮೆನು ತೆರೆದು ಮುಚ್ಚಿದರು, ಮತ್ತೆ ತೆರೆದರು, ಚೀಟಿಯನ್ನು ಇನ್ನೊಮ್ಮೆ ಓದಿದರು, ಕೊನೆಗೆ ಸೆಟ್ಟಿಂಗ್ಸ್‌ಗೆ ಹೋದರು’ ಎಂದು ಬರೆದ ತಂಡದ ಮುಂದೆ ಕನಿಷ್ಠ ಮೂರು ದಾರಿಗಳಿವೆ: ಹೆಸರು ತಪ್ಪಿರಬಹುದು, ಜಾಗ ತಪ್ಪಿರಬಹುದು, ಅಥವಾ ಆ ಕೆಲಸಕ್ಕೆ ಮೆನುವೇ ಬೇಡವಾಗಿರಬಹುದು. ಈ ಎರಡು ಬಗೆಯ ಟಿಪ್ಪಣಿಗಳ ನಡುವಿನ ವ್ಯತ್ಯಾಸವನ್ನು ಒಬ್ಬ ಪರೀಕ್ಷಕರಿಗೆ ತೋರಿಸಿದರೆ ಸಾಕು, ಅವರ ಅಂಕವೂ ನನ್ನ ಅಂಕವೂ ಹತ್ತಿರ ಬರುತ್ತವೆ.

ಹಂಚಿಕೆ ಕೇಳಿದ್ದೀರಿ. ನನ್ನ 25ರಲ್ಲಿ ಪ್ರಶ್ನೆಯ ಸ್ಪಷ್ಟತೆ ಮತ್ತು ಅದಕ್ಕೆ ತಕ್ಕ ಮಾದರಿಯ ಆಯ್ಕೆಗೆ 6, ಮಾದರಿಯನ್ನು ನಡೆಸಿದ ಶಿಸ್ತಿಗೆ 5, ಟಿಪ್ಪಣಿಗೆ 7, ಮುಂದಿನ ಬದಲಾವಣೆಯ ತರ್ಕಕ್ಕೆ 5, ನೋಟಕ್ಕೆ 2. ಆ ಎರಡು ಅಂಕವೂ ಹಿಂದಿನ ಬೆಂಚಿನವರಿಗೆ ಅಕ್ಷರ ಕಾಣುವಷ್ಟು ದೊಡ್ಡದಾಗಿದೆಯೇ ಎಂಬುದಕ್ಕೆ. ಮೊದಲ ಎರಡು ತಂಡಗಳನ್ನು ಇಬ್ಬರು ಪರೀಕ್ಷಕರೂ ಪರಸ್ಪರ ಹೇಳಿಕೊಳ್ಳದೆ ಅಂಕ ಹಾಕಿ, ವಿರಾಮದಲ್ಲಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಮೂರು ಅಂಕಕ್ಕಿಂತ ಹೆಚ್ಚು ಅಂತರವಿದೆಯೋ ಅಲ್ಲಿ ಏನನ್ನು ನೋಡಿ ಕೊಟ್ಟೆವೆಂದು ಮಾತನಾಡಿಕೊಳ್ಳುತ್ತೇವೆ. ಆಮೇಲೆ ಬೇಕಾದರೆ ಆ ಎರಡು ತಂಡಗಳ ಅಂಕವನ್ನು ತಿದ್ದುತ್ತೇವೆ. ಹತ್ತು ನಿಮಿಷದ ಈ ಕೆಲಸ ಮರುಪರಿಶೀಲನೆಯ ಎಷ್ಟೋ ಅರ್ಜಿಗಳನ್ನು ತಪ್ಪಿಸುತ್ತದೆ.

ಕೊನೆಯ ಬೆಂಚು

ನಾನು ಹೋದ ವರ್ಷ ಇಂಥದ್ದೇ ಪತ್ರಿಕೆಯನ್ನು ಮುಗಿಸಿದ ವಿದ್ಯಾರ್ಥಿನಿ. ಹಿರಿಯರ ನಡುವೆ ಮಾತನಾಡುತ್ತಿರುವುದಕ್ಕೆ ಕ್ಷಮೆ ಇರಲಿ.

ನಮ್ಮ ಪ್ರೆಸೆಂಟೇಶನ್ ಮುಗಿದ ಕೂಡಲೇ ಪರೀಕ್ಷಕರು ‘ಈ ಬಟನನ್ನು ಮೇಲಕ್ಕೆ ಹಾಕಿ, ಈ ಎರಡು ಸ್ಕ್ರೀನನ್ನು ಒಂದು ಮಾಡಿ, ಹಸಿರು ಬೇಡ’ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ನಾವು ಹಾಗೆಯೇ ಮಾಡಿದೆವು. ಎರಡು ಸ್ಕ್ರೀನನ್ನು ಏಕೆ ಬೇರೆ ಮಾಡಿದ್ದೆವು ಎಂಬುದಕ್ಕೆ ನಮ್ಮಲ್ಲಿ ಒಂದು ಕಾರಣವಿತ್ತು, ಅದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅಂಕ ಅವರ ಕೈಯಲ್ಲಿತ್ತು. ಮುಂದಿನ ವಾರ ಬಳಸಿ ನೋಡಿದ ಮೂವರಲ್ಲಿ ಇಬ್ಬರು ಆ ಕೂಡಿಸಿದ ಸ್ಕ್ರೀನಿನಲ್ಲೇ ತೊಡರಿದರು. ಅದನ್ನು ವರದಿಯಲ್ಲಿ ಬರೆಯಲು ನಮಗೆ ಧೈರ್ಯ ಸಾಲಲಿಲ್ಲ.

ಮತ್ತೊಂದು ವಿಷಯ. ನಮ್ಮ ತಂಡದಲ್ಲಿ ಟಿಪ್ಪಣಿ ಬರೆದುಕೊಂಡವಳು ವೇದಿಕೆಯ ಮೇಲೆ ಮಾತನಾಡುವವಳಲ್ಲ. ಎಲ್ಲರಿಗಿಂತ ಹೆಚ್ಚು ನೋಡಿದವಳು ಅವಳೇ, ಪ್ರಸ್ತುತಿಯ ಅಂಕದಲ್ಲಿ ಎಲ್ಲರಿಗಿಂತ ಕಡಿಮೆ ಬಂದವಳೂ ಅವಳೇ. ಪಾತ್ರಗಳಿಗೆ ತಕ್ಕಂತೆ ಅಂಕ ಕೊಡುವ ಯೋಚನೆ ಇದ್ದರೆ ದಯವಿಟ್ಟು ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ತಿದ್ದುವ ಕೈ

ಕೊನೆಯ ಬೆಂಚಿನವರು ಹೇಳಿದ್ದು ಈ ಚರ್ಚೆಯ ಅತ್ಯಂತ ಮುಖ್ಯವಾದ ಭಾಗವೆಂದು ನನ್ನ ಅಭಿಪ್ರಾಯ. ಪರೀಕ್ಷಕರು ಪರಿಹಾರ ಹೇಳಿದ ಕ್ಷಣದಲ್ಲಿ ಪ್ರೊಟೊಟೈಪ್ ವಿದ್ಯಾರ್ಥಿಗಳ ಕೈಯಿಂದ ಪರೀಕ್ಷಕರ ಕೈಗೆ ಹೋಗಿಬಿಡುತ್ತದೆ, ಮತ್ತು ಅಂಕ ಹಾಕುವವರೇ ಪರಿಹಾರ ಹೇಳಿದಾಗ ಅದು ಸಲಹೆಯಾಗಿ ಉಳಿಯುವುದಿಲ್ಲ.

ಪ್ರತಿಕ್ರಿಯೆಯ ಸರದಿಗೆ ನಾನು ನೃತ್ಯ ಲೋಕದಿಂದ ಒಂದು ಕ್ರಮವನ್ನು ಎರವಲು ಪಡೆದಿದ್ದೇನೆ. ಲಿಜ್ ಲೆರ್ಮನ್ ಎಂಬ ನೃತ್ಯ ಸಂಯೋಜಕಿ 1990ರ ಹೊತ್ತಿಗೆ ರೂಪಿಸಿದ ಈ ಕ್ರಮದಲ್ಲಿ ನೋಡಿದವರು ಮೊದಲು ತಮ್ಮ ಮನಸ್ಸಿಗೆ ನಾಟಿದ್ದೇನೆಂದು ಹೇಳುತ್ತಾರೆ. ಆಮೇಲೆ ಕೃತಿ ಮಾಡಿದವರೇ ನೋಡಿದವರಿಗೆ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ತಮ್ಮ ಅಭಿಪ್ರಾಯವನ್ನು ಬದಿಗಿಟ್ಟು ಪ್ರಶ್ನೆ ಕೇಳುತ್ತಾರೆ. ಅಭಿಪ್ರಾಯದ ಸರದಿ ಬರುವುದು ಕಟ್ಟಕಡೆಗೆ, ಅದೂ ಮಾಡಿದವರ ಒಪ್ಪಿಗೆ ಪಡೆದು. ನಮ್ಮಲ್ಲಿ ಮೂರನೆಯ ಹೆಜ್ಜೆ ಯಾವಾಗಲೂ ಜಾರುತ್ತದೆ. ‘ಈ ಮೆನು ಯಾಕೆ ಇಷ್ಟು ಗೊಂದಲವಾಗಿದೆ?’ ಎಂಬುದು ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೂ ಪ್ರಶ್ನೆಯಲ್ಲ. ಕನ್ನಡದಲ್ಲಿ ‘ಯಾಕೆ’ ಎಂಬ ಪದವೇ ಸ್ವಲ್ಪ ಗದರಿಕೆಯ ಕಡೆಗೆ ವಾಲುತ್ತದೆ. ಚಿಕ್ಕಂದಿನಿಂದ ನಾವು ಅದನ್ನು ಕೇಳಿಸಿಕೊಂಡಿರುವುದೇ ಹಾಗೆ. ಆದ್ದರಿಂದ ‘ಯಾಕೆ’ಯನ್ನು ಬಿಟ್ಟು ಕೇಳಿ ಎಂದು ತರಗತಿಗೆ ನಿಯಮ ಮಾಡಿದ್ದೇನೆ. ‘ಇದನ್ನು ಇಲ್ಲಿಡುವ ಮೊದಲು ಮತ್ತೆಲ್ಲಿ ಇಟ್ಟು ನೋಡಿದಿರಿ?’, ‘ಮೊದಲ ಬಾರಿ ಬಂದವರು ಇಲ್ಲಿ ಏನು ಮಾಡುತ್ತಾರೆಂದು ನೀವು ಎಣಿಸಿದ್ದಿರಿ?’ ಎಂಬಂಥ ಪ್ರಶ್ನೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ಅಂಕವನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಕೊಡಬೇಡಿ. ರುತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದರಲ್ಲಿ ಬರಿಯ ಟಿಪ್ಪಣಿ ಪಡೆದ ಮಕ್ಕಳ ಆಸಕ್ತಿಯೂ ಕೆಲಸವೂ ಉತ್ತಮಗೊಂಡವು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟಾಗ ಆ ಲಾಭ ಉಳಿಯಲಿಲ್ಲ. ಅಂಕ ಕಂಡ ಕಣ್ಣು ಟಿಪ್ಪಣಿಯವರೆಗೆ ಹೋಗುವುದಿಲ್ಲ ಎಂಬುದನ್ನು ನಾವೂ ಮೌಲ್ಯಮಾಪನವಾದ ಉತ್ತರಪತ್ರಿಕೆ ಕೈಗೆ ಬಂದಾಗಲೆಲ್ಲ ಅನುಭವಿಸಿದವರೇ. ನಾನು ಟಿಪ್ಪಣಿಯನ್ನು ಅದೇ ದಿನ ಕೊಡುತ್ತೇನೆ, ಅದಕ್ಕೆ ತಂಡ ಅರ್ಧ ಪುಟದ ಮರುತ್ತರ ಬರೆದ ಮೇಲೆ ಅಂಕ ಹೇಳುತ್ತೇನೆ. ‘ನಿಮ್ಮ ಸಲಹೆಯನ್ನು ನಾವು ಒಪ್ಪುವುದಿಲ್ಲ, ಏಕೆಂದರೆ’ ಎಂದು ಆರಂಭವಾಗುವ ಮರುತ್ತರಗಳು ಬರತೊಡಗಿವೆ. ಅವುಗಳಲ್ಲಿ ಕೆಲವು ಸರಿಯಾಗಿಯೂ ಇದ್ದವು.

ಕಂಪನಿಯಲ್ಲಿರುವವ

ಇದಕ್ಕೆ ಒಂದು ಸೇರ್ಪಡೆ. ಒಂದೇ ಮಾದರಿಯನ್ನು ತೋರಿಸಿದರೆ ನೋಡುವವರು ಮುಖದಾಕ್ಷಿಣ್ಯಕ್ಕೆ ‘ಚೆನ್ನಾಗಿದೆ’ ಎನ್ನುತ್ತಾರೆ. 2006ರಲ್ಲಿ ಮರ್ಯಾಮ್ ತೊಹಿದಿ ಮತ್ತು ಅವರ ಸಂಗಡಿಗರು ಕಾಗದದ ಪ್ರೊಟೊಟೈಪ್‌ಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನದಲ್ಲಿ, ಒಂದೇ ವಿನ್ಯಾಸವನ್ನು ನೋಡಿದವರು ಅದಕ್ಕೆ ಹೆಚ್ಚು ಅಂಕ ಕೊಟ್ಟರು. ಅದನ್ನೇ ಇನ್ನೆರಡು ವಿನ್ಯಾಸಗಳ ಜೊತೆಗೆ ನೋಡಿದವರು ಕಡಿಮೆ ಕೊಟ್ಟರು, ತಪ್ಪನ್ನು ತಪ್ಪೆಂದು ಹೇಳಲು ಹಿಂಜರಿಯಲಿಲ್ಲ. ಆದ್ದರಿಂದ ಮುಖ್ಯವಾದ ಒಂದು ಸ್ಕ್ರೀನಿಗಾದರೂ ಎರಡು ರೂಪಗಳನ್ನು ತರಲು ಹೇಳಿ. ಫಾಂಟ್ ಬದಲಿಸಿದ್ದು ಎರಡನೆಯ ರೂಪವಲ್ಲ ಎಂದು ಮೊದಲೇ ತಿಳಿಸಿ.

ಅಂಕಪಟ್ಟಿ

ಪೆನ್ಸಿಲ್ ಅವರ ಹಂಚಿಕೆಯನ್ನು ಒಪ್ಪುತ್ತೇನೆ. ಕೈಬರಹದ ಹಾಳೆ ದಾಖಲೆಯಾಗಿ ಉಳಿಯುತ್ತದೆ ಎಂಬುದು ನನಗೆ ಸಮಾಧಾನ ತಂದ ಅಂಶ. ನಟನೆಯ ಬಗೆಗಿನ ಅನುಮಾನ ಪೂರ್ತಿ ಹೋಗಿಲ್ಲ, ಇರಲಿ.

ನಾನು ಎಚ್ಚರಿಸಬೇಕಾದದ್ದು ಸಂಖ್ಯೆಗಳ ಬಗ್ಗೆ. ನಾಲ್ವರು ಗೆಳೆಯರಿಗೆ ತೋರಿಸಿ ‘ಶೇಕಡಾ 100ರಷ್ಟು ಬಳಕೆದಾರರಿಗೆ ಇಷ್ಟವಾಗಿದೆ’ ಎಂದು ಸ್ಲೈಡಿನಲ್ಲಿ ವೃತ್ತ ಬಿಡಿಸಿ ತರುವವರಿದ್ದಾರೆ. ಪ್ರಶ್ನಿಸಿದರೆ ‘ಐದು ಜನ ಸಾಕು ಎಂದು ನೀಲ್ಸನ್ ಹೇಳಿದ್ದಾರೆ’ ಎನ್ನುತ್ತಾರೆ. ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌರ್ ಎಂಬ ಸಂಶೋಧಕರು 1993ರಲ್ಲಿ ಕೊಟ್ಟ ಲೆಕ್ಕದ ಹುರುಳು ಬೇರೆ: ಒಬ್ಬ ಬಳಕೆದಾರರಿಂದ ಸರಾಸರಿ ಶೇಕಡಾ 31ರಷ್ಟು ತೊಡಕುಗಳು ಹೊರಬೀಳುತ್ತವೆ ಎಂದಿಟ್ಟುಕೊಂಡರೆ ಐವರು ಮುಗಿಯುವಷ್ಟರಲ್ಲಿ ಸುಮಾರು ಶೇಕಡಾ 85ರಷ್ಟು ಸಿಕ್ಕಿರುತ್ತವೆ. ಆ 31 ಕೂಡ ಅವರು ನೋಡಿದ ಯೋಜನೆಗಳ ಸರಾಸರಿ. ತೊಡಕು ಅಪರೂಪದ್ದಾದರೆ ಐವರಿಗೆ ಅದು ಎದುರಾಗದೆಯೂ ಇರಬಹುದು. ಈ ಲೆಕ್ಕ ತೊಡಕು ಹುಡುಕುವುದಕ್ಕೆ ಸಂಬಂಧಿಸಿದ್ದು. ವಿನ್ಯಾಸ ಎಲ್ಲರಿಗೂ ಹಿಡಿಸಿದೆ ಎಂದು ಸಾಧಿಸಲು ಅದನ್ನು ಎಳೆದು ತಂದರೆ ಆ ಸ್ಲೈಡಿಗೆ ಅಂಕ ಕಳೆಯಬೇಕು.

ಎಸ್‌ಯುಎಸ್ ಎಂಬ, ಬಳಕೆ ಎಷ್ಟು ಸುಲಭವೆಂದು ಅಳೆಯುವ ಪ್ರಶ್ನಾವಳಿಯದೂ ಇದೇ ಕತೆ. ಜಾನ್ ಬ್ರೂಕ್ 1986ರಲ್ಲಿ ಸಿದ್ಧಪಡಿಸಿದ ಆ ಹತ್ತು ಹೇಳಿಕೆಗಳ ಪಟ್ಟಿ 0ರಿಂದ 100ರವರೆಗೆ ಒಂದು ಸಂಖ್ಯೆಯನ್ನು ಕೊಡುತ್ತದೆ, ಆದರೆ ಅದು ಶೇಕಡಾವಾರು ಅಲ್ಲ; ಸಾಮಾನ್ಯವಾಗಿ 68ರ ಆಸುಪಾಸನ್ನು ಸರಾಸರಿ ಎಂದು ಹಿಡಿಯುತ್ತಾರೆ. ಏಳು ಹಾಳೆಯ ಕಾಗದದ ಮಾದರಿಯನ್ನು ಮೂವರ ಮುಂದಿಟ್ಟು ‘ನಮಗೆ 72.5 ಬಂದಿದೆ’ ಎನ್ನುವ ತಂಡಕ್ಕೆ ಆ ಅರ್ಧ ಅಂಕದ ನಿಖರತೆ ಎಲ್ಲಿಂದ ಬಂತೆಂದು ಕೇಳಬೇಕು. ಮೊದಲ ಹಂತದಲ್ಲಿ ಸಂಖ್ಯೆಗಳೇ ಬೇಡ ಎಂದು ಬರೆದು ಹಾಕಿಬಿಡಿ.

ಹೊಸ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಪ್ರೆಸೆಂಟೇಶನ್ ಮೊನ್ನೆ ಮುಗಿಯಿತು. ನಡೆದದ್ದನ್ನು ವರದಿ ಮಾಡುವುದು ನನ್ನ ಕರ್ತವ್ಯ.

ಹತ್ತು ನಿಮಿಷ ಸಾಲುವುದಿಲ್ಲವೆಂದು ಕಂಡುಬಂದದ್ದರಿಂದ ತಲಾ ಹದಿನೈದು ನಿಮಿಷದಂತೆ ಎರಡು ದಿನಕ್ಕೆ ಹಂಚಿದೆ. ಪ್ರಶ್ನೆಯ ವಾಕ್ಯವನ್ನು ಹಿಂದಿನ ವಾರವೇ ತರಿಸಿಕೊಂಡಿದ್ದೆ. ಹನ್ನೊಂದರಲ್ಲಿ ಏಳು ತಂಡಗಳು ‘ಬಳಕೆದಾರರಿಗೆ ನಮ್ಮ ಆ್ಯಪ್ ಇಷ್ಟವಾಗುತ್ತದೆಯೇ’ ಎಂದೇ ಬರೆದಿದ್ದವು. ಹಿಂದಿರುಗಿಸಿ ಮತ್ತೆ ಬರೆಸಿದೆ, ಎರಡು ತಂಡಗಳಿಗೆ ಮೂರನೆಯ ಸಲವೂ ಬರೆಸಬೇಕಾಯಿತು. ಇಡೀ ಕಸರತ್ತಿನಲ್ಲಿ ನನ್ನ ಹೆಚ್ಚಿನ ಸಮಯ ಹೋದದ್ದು ಇಲ್ಲಿಯೇ, ಮತ್ತು ಅದರ ಬಗ್ಗೆ ನನಗೆ ಬೇಸರವಿಲ್ಲ.

ಮೌನದ ನಿಯಮ ಮೊದಲ ತಂಡದಲ್ಲೇ ಮುರಿಯಿತು. ಲ್ಯಾಬಿನ ಉಪಕರಣಗಳನ್ನು ಕಾಯ್ದಿರಿಸುವ ಅವರ ಮಾದರಿಯಲ್ಲಿ ಬಂದ ಹುಡುಗಿ ದಿನಾಂಕವನ್ನು ಆರಿಸಿ ಆಮೇಲೆ ಏನು ಮಾಡಬೇಕೆಂದು ತೋಚದೆ ಕುಳಿತಾಗ ‘ಕೆಳಗೆ ಸ್ಕ್ರೋಲ್ ಮಾಡು’ ಎಂದು ಕಂಪ್ಯೂಟರ್ ಆಗಿದ್ದವನೇ ಕೂಗಿದ. ಎರಡು ಅಂಕ ಕಳೆದೆ. ಆಮೇಲಿನ ತಂಡಗಳಲ್ಲಿ ತುಟಿ ಕಚ್ಚಿಕೊಂಡು ಕುಳಿತವರನ್ನು ನೋಡುವುದೇ ಒಂದು ನೋಟವಾಗಿತ್ತು. ನಗುವಿನ ವಿಷಯವನ್ನು ನಾನು ಮೊದಲೇ ಎತ್ತಿದ್ದೆ: ಬಂದವರು ತೊಡರಿದರೆ ಅದು ಅವರ ದಡ್ಡತನವಲ್ಲ, ಅವರು ತಂಡಕ್ಕೆ ಮಾಡುತ್ತಿರುವ ಉಪಕಾರ ಎಂದು ಹೇಳಿದ್ದರಿಂದಲೋ ಏನೋ, ಈ ಬಾರಿ ಯಾರೂ ನಗಲಿಲ್ಲ.

ಪಾತ್ರಗಳನ್ನು ನಾನೇ ಚೀಟಿ ಎತ್ತಿ ಹಂಚಿದೆ, ಟಿಪ್ಪಣಿಯ 7 ಅಂಕವನ್ನು ಇಡೀ ತಂಡಕ್ಕೆ ಸಮನಾಗಿ ಕೊಡಲು ತೀರ್ಮಾನಿಸಿದೆ. ಕೊನೆಯ ಬೆಂಚಿನವರು ಹೇಳಿದ ಅನ್ಯಾಯ ಇದರಿಂದ ಪೂರ್ತಿ ತಪ್ಪುತ್ತದೆಯೋ ಇಲ್ಲವೋ, ಮಾತನಾಡದವರಿಗೆ ದಂಡವಂತೂ ಬೀಳಲಿಲ್ಲ. ನನ್ನ ಮತ್ತು ಸಹ ಪರೀಕ್ಷಕರ ಅಂಕಗಳು ಮೊದಲ ಎರಡು ತಂಡಗಳಲ್ಲಿ ಆರು ಅಂಕದಷ್ಟು ದೂರವಿದ್ದವು, ವಿರಾಮದ ಮಾತುಕತೆಯ ನಂತರ ಎರಡಕ್ಕೆ ಇಳಿದವು.

ಒಂದು ಸಂದೇಹ ಉಳಿದಿದೆ. ಎಂಟನೆಯ ತಂಡದ ಮಾದರಿಯಲ್ಲಿ ಬಂದವರು ಎಲ್ಲಿಯೂ ನಿಲ್ಲದೆ ನಲವತ್ತು ಸೆಕೆಂಡಿನಲ್ಲಿ ಕೆಲಸ ಮುಗಿಸಿದರು. ಟಿಪ್ಪಣಿಯ ಹಾಳೆಯಲ್ಲಿ ಮೂರೇ ಸಾಲು. ಬರೆಯಲು ಏನೂ ಇರಲಿಲ್ಲ ಎಂಬುದು ಅವರ ವಾದ, ಅದು ಸುಳ್ಳೂ ಅಲ್ಲ. ಇವರಿಗೆ ಟಿಪ್ಪಣಿಯ ಅಂಕವನ್ನು ಹೇಗೆ ಕೊಡುವುದು?

ಹಳೆಯ ಪೆನ್ಸಿಲ್

ಅವರ ಚೀಟಿಯನ್ನು ಇನ್ನೊಮ್ಮೆ ಓದಿ. ಒಂದೋ ಸ್ಕ್ರೀನಿನ ಪದಗಳೇ ಅದರಲ್ಲಿ ಇರುತ್ತವೆ, ಇಲ್ಲವೇ ಇಡೀ ಆ್ಯಪಿನ ಅತ್ಯಂತ ಸುಲಭವಾದ ಕೆಲಸವನ್ನು ಅವರು ಆರಿಸಿಕೊಂಡಿರುತ್ತಾರೆ. ಎರಡೂ ಅಲ್ಲದಿದ್ದರೆ ಮಾದರಿ ನಿಜವಾಗಿಯೂ ಚೆನ್ನಾಗಿದೆ, ಆಗ ಅವರ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಮುಂದಿನ ಪ್ರಶ್ನೆ ಯಾವುದು ಎಂದು ಬರೆದರೆ ಪೂರ್ತಿ ಅಂಕ ಕೊಡಿ. ಮೊದಲ ಎರಡರಲ್ಲಿ ಒಂದಾಗಿದ್ದರೆ ಟಿಪ್ಪಣಿಯ ಅಂಕವನ್ನು ತಡೆಹಿಡಿದು, ಚೀಟಿಯನ್ನು ತಿದ್ದಿಸಿ, ಮೂರು ದಿನದೊಳಗೆ ತಮ್ಮ ಎದುರಿನಲ್ಲೇ ಮತ್ತೊಮ್ಮೆ ನಡೆಸಲು ಹೇಳಿ. ಮಾದರಿಗೆ ಕೈ ಹಚ್ಚಕೂಡದು ಎಂಬ ಷರತ್ತು ಇರಲಿ. ಬೇರೆ ತಂಡಗಳಿಗೂ ಇದೇ ಅವಕಾಶವನ್ನು ಪ್ರಕಟಿಸಿ, ಇಲ್ಲದಿದ್ದರೆ ಅಂಕಪಟ್ಟಿಯವರು ನಮ್ಮಿಬ್ಬರನ್ನೂ ಬಿಡುವುದಿಲ್ಲ.

ಹೊಸ ಮೇಷ್ಟ್ರು

ಚೀಟಿಯನ್ನು ಓದಿದೆ. ‘ದೂರು ದಾಖಲಿಸಿ ಎಂಬಲ್ಲಿಗೆ ಹೋಗಿ ನಿಮ್ಮ ದೂರನ್ನು ದಾಖಲಿಸಿ’ ಎಂದಿತ್ತು. ಹಿಂದಿನ ದಿನ ಅದನ್ನು ನೋಡಿ ಸರಿ ಎಂದು ಸಹಿ ಹಾಕಿದವನು ನಾನೇ ಆದ್ದರಿಂದ ತಂಡವನ್ನು ದೂರುವ ಹಾಗಿರಲಿಲ್ಲ. ‘ನಿಮ್ಮ ಕೋಣೆಯ ನಲ್ಲಿ ಮೂರು ದಿನದಿಂದ ಸೋರುತ್ತಿದೆ, ಏನಾದರೂ ಮಾಡಿ’ ಎಂದು ತಿದ್ದಿಸಿ ಇಂದು ಮಧ್ಯಾಹ್ನ ಮತ್ತೆ ನಡೆಸಿದೆವು. ಬಂದವರು ಮೊದಲ ಸ್ಕ್ರೀನಿನಲ್ಲೇ ನಿಂತುಬಿಟ್ಟರು. ‘ದೂರು’ ಎಂದರೆ ಯಾರ ಮೇಲೋ ಆಪಾದನೆ ಮಾಡುವುದು ಎಂದುಕೊಂಡು ಅದನ್ನು ಬಿಟ್ಟು, ‘ಸಹಾಯ’ವನ್ನೂ ‘ಸಂಪರ್ಕ’ವನ್ನೂ ಒತ್ತಿ, ಕೊನೆಗೆ ‘ಇದರಲ್ಲಿ ನಲ್ಲಿ ರಿಪೇರಿಗೆ ಹೇಳುವುದು ಇಲ್ಲ ಅನ್ನಿಸುತ್ತದೆ’ ಎಂದು ಎದ್ದರು. ಟಿಪ್ಪಣಿ ಬರೆಯುವ ಸರದಿಯಲ್ಲಿದ್ದ ಹುಡುಗ ಎರಡೂ ಬದಿ ತುಂಬಿಸಿ ಕೊಟ್ಟಿದ್ದಾನೆ. ಅಂಕ ಇನ್ನೂ ಹಾಕಿಲ್ಲ. ಅವರ ಅರ್ಧ ಪುಟದ ಮರುತ್ತರ ಸೋಮವಾರ ಬರುತ್ತದೆ.